ಎಂಟು ತಂಡಗಳ ಆನ್‌ಲೈನ್ ಬ್ರಿಡ್ಜ್ ಪಂದ್ಯಾವಳಿ: ಈ ಸಲ ಜಗಳವಿಲ್ಲದೆ ನಡೆಸುವುದು ಹೇಗೆ?

ಹಾಸ್ಟೆಲ್ ಮೇಜು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾವು ಸುಮಾರು ನಲವತ್ತು ಮಂದಿ ಒಂದೇ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ, ಬೇರೆ ಬೇರೆ ವರ್ಷಗಳಲ್ಲಿ, ರಾತ್ರಿ ಊಟ ಮುಗಿದ ಮೇಲೆ ಮೆಸ್ಸಿನ ಮೇಜು ಒರೆಸಿಕೊಂಡು ಬ್ರಿಡ್ಜ್ ಕಲಿತವರು. ಇಬ್ಬರಿಗೆ ಎದುರಾಗಿ ಇಬ್ಬರು, ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆಂದು ಮೊದಲೇ ಕರೆದು ಆಡುವ ಇಸ್ಪೀಟೆಲೆಯ ಆಟವದು. ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದುಬೈ, ಲಂಡನ್, ನ್ಯೂಜೆರ್ಸಿ ಎಂದು ಚದುರಿಹೋಗಿದ್ದೇವೆ. 2020ರ ಲಾಕ್‌ಡೌನಿನಲ್ಲಿ ಯಾರೋ ಒಬ್ಬರು ಬ್ರಿಡ್ಜ್ ಬೇಸ್ ಆನ್‌ಲೈನ್ ತಾಣದ ಕೊಂಡಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೇ ನೆಪವಾಗಿ ಮತ್ತೆ ಎಲೆ ಹಿಡಿದೆವು. ಅಂದಿನಿಂದ ಇಂದಿನವರೆಗೆ ವಾರಕ್ಕೆ ಒಂದೆರಡು ಮೇಜಾದರೂ ತುಂಬುತ್ತಿವೆ.

ಕಳೆದ ವರ್ಷ ಹುಮ್ಮಸ್ಸಿನಲ್ಲಿ ಒಂದು ಪಂದ್ಯಾವಳಿ ನಡೆಸಿ ಕೈ ಸುಟ್ಟುಕೊಂಡೆವು. ಜೋಡಿಗೆ ಎದುರಾಗಿ ಜೋಡಿ, ಒಂದು ಮೇಜಿನಲ್ಲಿ ಹನ್ನೆರಡು ಹಂಚಿಕೆ, ಒಟ್ಟು ಅಂಕ ಹೆಚ್ಚು ಬಂದವರು ಮುಂದಕ್ಕೆ, ಸೋತವರು ಮನೆಗೆ ಎಂಬುದು ನಮ್ಮ ನಿಯಮವಾಗಿತ್ತು. ಮೊದಲ ಸಂಜೆಯೇ ಒಂದು ಜೋಡಿಗೆ ಹನ್ನೆರಡರಲ್ಲಿ ಐದು ಸಲ ಗೇಮಿಗೆ, ಅಂದರೆ ಹೆಚ್ಚುವರಿ ಅಂಕ ತರುವ ದೊಡ್ಡ ಕರೆಗೆ, ಸಾಕಾಗುವ ಎಲೆ ಬಂದವು. ಎದುರಿಗೆ ಕುಳಿತವರು ಇಡೀ ಸಂಜೆ ಪಾಸ್ ಹೇಳಿ ಹೇಳಿ ಎದ್ದುಹೋದರು. ಅದೇ ಸಂಜೆಗೆ ಅರ್ಧದಷ್ಟು ಜನ ಪಂದ್ಯಾವಳಿಯಿಂದ ಹೊರಬಿದ್ದಿದ್ದರಿಂದ, ಮುಂದಿನ ವಾರ ಆಟ ನೋಡುವುದಕ್ಕೂ ಯಾರೂ ಉಳಿಯಲಿಲ್ಲ. ಉಪಾಂತ್ಯದಲ್ಲಿ ಆರು ಆಟೀನು ಕರೆದು ಆಡುತ್ತಿದ್ದವರ ಮನೆಯ ಕರೆಂಟು ಹೋಯಿತು, ಅವರು ಮರಳಿ ಬರುವಷ್ಟರಲ್ಲಿ ಎದುರಾಳಿಗಳು ಪಂದ್ಯ ನಮ್ಮದೆಂದು ಘೋಷಿಸಿಕೊಂಡಿದ್ದರು. ಇಷ್ಟು ಸಾಲದೆಂಬಂತೆ, ಒಂದೇ ಮನೆಯಲ್ಲಿ ಕುಳಿತು ಜೊತೆಗಾರರಾಗಿ ಆಡಿದ ದಂಪತಿಗಳ ಬಗ್ಗೆ ಒಬ್ಬರು ಆಡಿದ ಮಾತು ಇನ್ನೂ ಮಾಸಿಲ್ಲ.

ಈ ವರ್ಷ ಎಂಟು ತಂಡ ಮಾಡಬೇಕೆಂದಿದ್ದೇವೆ. ಎಲ್ಲರೂ ಐವತ್ತು ದಾಟಿದವರು, ಗೆಲ್ಲುವ ಹಠ ಯಾರಿಗೂ ಅಷ್ಟಿಲ್ಲ, ಆದರೆ ಅನ್ಯಾಯವಾಯಿತೆಂಬ ಭಾವನೆ ಬಂದರೆ ಯಾರೂ ಸುಮ್ಮನಿರುವವರಲ್ಲ. ಎಲೆಯ ಅದೃಷ್ಟವನ್ನು ತಗ್ಗಿಸುವ ಕ್ರಮ ಯಾವುದು, ಎಲ್ಲರಿಗೂ ಕೊನೆಯವರೆಗೆ ಆಟ ಸಿಗುವಂತೆ ಮಾಡುವುದು ಹೇಗೆ, ಮತ್ತು ಇಂಥ ಸ್ನೇಹದ ಆಟಕ್ಕೆ ನಿಯಮಗಳನ್ನು ಎಷ್ಟು ಬಿಗಿ ಮಾಡಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ. ತಲೆಗೆ ಐನೂರು ರೂಪಾಯಿ ಪ್ರವೇಶಧನ ತೆಗೆದುಕೊಂಡು ಗೆದ್ದವರಿಗೆ ಕೊಡೋಣ ಎಂಬ ಸಲಹೆಯೂ ಗುಂಪಿನಲ್ಲಿದೆ.


ಹಳೆಯ ಡೈರೆಕ್ಟರ್

ನಮಸ್ಕಾರ. ಕ್ಲಬ್ಬೊಂದರಲ್ಲಿ ಹಲವು ವರ್ಷ ಪಂದ್ಯ ನಡೆಸಿದ ಅನುಭವದಿಂದ ಹೇಳುತ್ತಿದ್ದೇನೆ. ತಾವು ಕಳೆದ ವರ್ಷ ನಡೆಸಿದ್ದನ್ನು ತಂಡದ ಪಂದ್ಯ ಎನ್ನಲಾಗದು. ಅದು ಮನೆಯ ಜಗಲಿಯ ಆಟಕ್ಕೆ ಪಟ್ಟಿ ಅಂಟಿಸಿದಂತಾಯಿತು. ಅದೃಷ್ಟದ ದೂರಿಗೆ ಬ್ರಿಡ್ಜ್ ಆಟವು ಬಹಳ ಹಿಂದೆಯೇ ಮದ್ದು ಕಂಡುಕೊಂಡಿದೆ, ಮತ್ತು ಆನ್‌ಲೈನಿನಲ್ಲಿ ಅದಕ್ಕೆ ಕಾಸಿನ ಖರ್ಚೂ ಇಲ್ಲ.

ತಂಡದಲ್ಲಿ ನಾಲ್ವರು. ಅವರಲ್ಲಿ ಇಬ್ಬರು ಒಂದನೇ ಮೇಜಿನಲ್ಲಿ ಉತ್ತರ ಮತ್ತು ದಕ್ಷಿಣ ದಿಕ್ಕಿನಲ್ಲಿ, ಉಳಿದಿಬ್ಬರು ಎರಡನೇ ಮೇಜಿನಲ್ಲಿ ಪೂರ್ವ ಮತ್ತು ಪಶ್ಚಿಮ ದಿಕ್ಕಿನಲ್ಲಿ ಕೂರುತ್ತಾರೆ. ಎದುರು ತಂಡದವರು ಎರಡೂ ಕಡೆ ಉಳಿದ ಜಾಗಗಳಲ್ಲಿರುತ್ತಾರೆ. ಎರಡು ಮೇಜಿಗೂ ಹಂಚುವುದು ಅವೇ 52 ಎಲೆಗಳನ್ನು, ಅದೇ ದಿಕ್ಕಿಗೆ ಅದೇ ಕೈ ಬರುವಂತೆ. ಹಾಗಾಗಿ ತಮ್ಮ ಉತ್ತರದವರಿಗೆ ಇಲ್ಲಿ ಬಂದ ಕಳಪೆ ಕೈ ಎದುರಾಳಿಯ ಉತ್ತರದವರಿಗೆ ಅಲ್ಲಿಯೂ ಬಂದೇ ಇರುತ್ತದೆ. ಎಲೆ ಬರಲಿಲ್ಲವೆಂದು ಗೊಣಗುವವರು ಅಲ್ಲಿ ಕುಳಿತವರು ಅದೇ ಎಲೆಯಲ್ಲಿ ಎಷ್ಟು ಕಡಿಮೆ ಕಳೆದುಕೊಂಡರು ಎಂಬುದನ್ನು ನೋಡಬೇಕಾಗುತ್ತದೆ. ಬ್ರಿಡ್ಜ್ ಬೇಸ್ ಆನ್‌ಲೈನಿನಲ್ಲಿ ತಂಡದ ಪಂದ್ಯವೆಂದು ಆರಿಸಿ ಎಂಟು ಹೆಸರುಗಳನ್ನು ತುಂಬಿದರೆ ಈ ಹಂಚಿಕೆಯನ್ನೂ ಅಂಕದ ಹೋಲಿಕೆಯನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪುರುಷರ ತಂಡ ಬೆಳ್ಳಿ ಗೆದ್ದದ್ದೂ ಇದೇ ಎರಡು ಮೇಜಿನ ಕ್ರಮದ ಆಟದಲ್ಲಿ.

ಒಂದು ಹಂಚಿಕೆಯನ್ನು ಹತ್ತಿರದಿಂದ ನೋಡೋಣ. ಉತ್ತರ ದಕ್ಷಿಣದವರು ವಲ್ನರಬಲ್, ಅಂದರೆ ಗೇಮ್ ಗೆದ್ದರೆ ಲಾಭವೂ ಸೋತರೆ ದಂಡವೂ ಹೆಚ್ಚಿರುವ ಸ್ಥಿತಿ. ಕರೆದ ಸಂಖ್ಯೆಗೆ ಆರು ಸೇರಿಸಿದಷ್ಟು ಟ್ರಿಕ್ ಗೆಲ್ಲಬೇಕು. ಒಂದನೇ ಮೇಜಿನಲ್ಲಿ ದಕ್ಷಿಣದವರು ಒಂದು ಇಸ್ಪೀಟು ಕರೆದರು, ಉತ್ತರದವರು ಎರಡಕ್ಕೆ ಏರಿಸಿದರು, ದಕ್ಷಿಣದವರು ಒಂದು ಗಳಿಗೆ ಯೋಚಿಸಿ ನೇರ ನಾಲ್ಕಕ್ಕೆ ಹೋದರು. ಹತ್ತು ಟ್ರಿಕ್ ಬಂದವು, 620 ಅಂಕ. ಎರಡನೇ ಮೇಜಿನಲ್ಲಿ ಅದೇ ಕೈ ಹಿಡಿದ ದಕ್ಷಿಣದವರು ಎರಡಕ್ಕೇ ಪಾಸ್ ಎಂದರು. ಅಲ್ಲಿಯೂ ಹತ್ತೇ ಟ್ರಿಕ್ ಬಂದವು, ಆದರೆ ಸಿಕ್ಕಿದ್ದು 170. ವ್ಯತ್ಯಾಸ 450. ಇದನ್ನು ಹಾಗೆಯೇ ಕೂಡಿಸಿಕೊಳ್ಳದೆ ಇಂಪ್ ಎಂಬ ಅಳತೆಗೆ ಇಳಿಸುತ್ತಾರೆ. 430ರಿಂದ 490ರವರೆಗಿನ ವ್ಯತ್ಯಾಸಕ್ಕೆ 10 ಇಂಪ್. ಒಂದು ವೇಳೆ ತುರುಪಿನ ರಾಜ ತಪ್ಪು ಜಾಗದಲ್ಲಿದ್ದು ಎರಡೂ ಕಡೆ ಒಂಬತ್ತೇ ಟ್ರಿಕ್ ಬಂದಿದ್ದರೆ, ನಾಲ್ಕು ಕರೆದವರು 100 ಕಳೆದುಕೊಳ್ಳುತ್ತಿದ್ದರು, ಎರಡಕ್ಕೆ ನಿಂತವರು 140 ಗಳಿಸುತ್ತಿದ್ದರು. 240ರ ವ್ಯತ್ಯಾಸಕ್ಕೆ 6 ಇಂಪ್. ಗೆದ್ದರೆ ಹತ್ತು, ಸೋತರೆ ಆರು ಎಂದಮೇಲೆ ಅಂಜದೆ ಗೇಮ್ ಕರೆಯಬಹುದೆಂಬ ಲೆಕ್ಕ ತಮ್ಮ ಹಾಸ್ಟೆಲಿನ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ.

ಇಂಪ್ ಪಟ್ಟಿಯ ಗುಟ್ಟೆಂದರೆ ಅದು ದೊಡ್ಡ ವ್ಯತ್ಯಾಸಗಳನ್ನು ಅಮುಕುತ್ತದೆ. ಅದೇ ವಲ್ನರಬಲ್ ಸ್ಥಿತಿಯಲ್ಲಿ ಒಂದು ಕಡೆ ಆರು ಇಸ್ಪೀಟು ಕರೆದು 1430, ಇನ್ನೊಂದು ಕಡೆ ನಾಲ್ಕಕ್ಕೆ ನಿಂತು ಎರಡು ಹೆಚ್ಚು ಟ್ರಿಕ್ ತೆಗೆದು 680 ಬಂದರೆ ವ್ಯತ್ಯಾಸ 750. ಆದರೆ ಇಂಪ್ 13 ಮಾತ್ರ. ತಾವು ಒಟ್ಟು ಅಂಕ ಕೂಡಿಸಿದ್ದರಿಂದ ಒಂದೇ ಸ್ಲ್ಯಾಮ್ (ಆರು ಅಥವಾ ಏಳರ ಕರೆ) ಇಡೀ ಸಂಜೆಯ ಆಟವನ್ನು ನುಂಗುವಂತಾಗಿತ್ತು.

ಇನ್ನು ನಾಕ್‌ಔಟ್ ಬಿಡಿ. ಎಂಟು ತಂಡಗಳಿದ್ದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ಆಡುವ ರೌಂಡ್ ರಾಬಿನ್ ಏಳು ಸುತ್ತಿನಲ್ಲಿ, 28 ಪಂದ್ಯಗಳಲ್ಲಿ ಮುಗಿಯುತ್ತದೆ. ಒಂದು ಹಂಚಿಕೆಗೆ ಏಳೂವರೆ ನಿಮಿಷ ಹಿಡಿದರೆ ಎಂಟು ಹಂಚಿಕೆಯ ಪಂದ್ಯ ಒಂದು ಗಂಟೆಯದು. ನಾಲ್ಕೇ ಹಂಚಿಕೆಗೆ ಇಳಿಸಿದರೆ ಒಂದು ಎಡವಟ್ಟೇ ಪಂದ್ಯವಾಗಿಬಿಡುತ್ತದೆ, ಹದಿನಾರಕ್ಕೆ ಏರಿಸಿದರೆ ಭಾನುವಾರದ ಅಡಿಗೆಮನೆಯಿಂದ ಪ್ರತಿಭಟನೆ ಬರುತ್ತದೆ. ಪ್ರತಿ ಪಂದ್ಯದ ಇಂಪ್ ವ್ಯತ್ಯಾಸವನ್ನು ಇಬ್ಬರಿಗೂ ಸೇರಿ 20 ವಿಜಯಾಂಕಗಳಾಗಿ ಹಂಚಬೇಕು. ಸಮವಾದರೆ ಹತ್ತು ಹತ್ತು. ವಿಶ್ವ ಬ್ರಿಡ್ಜ್ ಒಕ್ಕೂಟದ ಅಳತೆಯಂತೆ ಎಂಟು ಹಂಚಿಕೆಯ ಪಂದ್ಯವನ್ನು 10 ಇಂಪ್ ಅಂತರದಿಂದ ಗೆದ್ದವರಿಗೆ ಸುಮಾರು 13.8, ಅಂತರ 43ರ ಆಸುಪಾಸು ತಲುಪಿದರೆ ಪೂರ್ತಿ 20, ಅದರಾಚೆ ಎಷ್ಟು ಬಡಿದರೂ ಹೆಚ್ಚೇನೂ ಸಿಗದು. ಹೀಗೆ ಮಾಡಿದಾಗ ಸೋತ ತಂಡಕ್ಕೂ ಕೊನೆಯ ಮೂರು ಹಂಚಿಕೆಗಳಲ್ಲಿ ಏನಾದರೂ ಉಳಿಸಿಕೊಳ್ಳುವ ಕಾರಣವಿರುತ್ತದೆ, ಏಳನೇ ಸುತ್ತಿನವರೆಗೂ ಜನ ಬರುತ್ತಾರೆ.

ಸುತ್ತುಗಳ ಪಟ್ಟಿ ಮಾಡಲು ಯಾವ ತಂತ್ರಾಂಶವೂ ಬೇಡ. ಎಂಟು ಹೆಸರುಗಳನ್ನು ಮೇಲೆ ನಾಲ್ಕು, ಕೆಳಗೆ ನಾಲ್ಕು ಬರೆದು ಮೇಲೆ ಕೆಳಗೆ ಬಂದವರನ್ನು ಜೋಡಿಸಿ; ಮುಂದಿನ ಸುತ್ತಿಗೆ ಒಂದು ಹೆಸರನ್ನು ಅಲ್ಲಾಡಿಸದೆ ಉಳಿದ ಏಳನ್ನು ಗಾಣದ ಎತ್ತಿನಂತೆ ಒಂದೊಂದು ಮನೆ ಸುತ್ತಿಸಿ. ಕೊನೆಗಳಿಗೆಯಲ್ಲಿ ಒಂದು ತಂಡ ಕೈಕೊಟ್ಟರೆ ಆ ವಾರ ಎದುರಾಳಿಯಿಲ್ಲದ ತಂಡಕ್ಕೆ 12 ವಿಜಯಾಂಕ ಕೊಡುವ ರೂಢಿಯಿದೆ.


ಎಡಿಸನ್ ನಿವಾಸಿ

ಡೈರೆಕ್ಟರ್ ಅವರು ಆಟದ ಭಾಗವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಗಡಿಯಾರದ ಭಾಗವನ್ನು ಹೇಳುತ್ತೇನೆ, ಏಕೆಂದರೆ ನಮ್ಮ ಪಂದ್ಯಾವಳಿ ಮುರಿದುಬಿದ್ದದ್ದು ಗಡಿಯಾರದಿಂದ.

ಭಾರತದ ರಾತ್ರಿ ಎಂಟೂವರೆ ಎಂದರೆ ದುಬೈಯಲ್ಲಿ ಏಳು ಗಂಟೆ. ಅಲ್ಲಿ 2022ರಿಂದ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾಗಿರುವುದರಿಂದ ಭಾನುವಾರ ಸಂಜೆಗೆ ಅವರ ಅಡ್ಡಿಯಿಲ್ಲ. ಲಂಡನ್ನಿನಲ್ಲಿ ಆಗ ಬೇಸಿಗೆಯಾದರೆ ಸಂಜೆ ನಾಲ್ಕು, ಚಳಿಗಾಲವಾದರೆ ಮೂರು. ನಮ್ಮ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ ಹನ್ನೊಂದು ಅಥವಾ ಹತ್ತು. ತೊಂದರೆಯಿರುವುದು ಈ ‘ಅಥವಾ’ದಲ್ಲಿ. ಅಮೆರಿಕದಲ್ಲಿ ಗಡಿಯಾರವನ್ನು ಮಾರ್ಚ್ ಎರಡನೇ ಭಾನುವಾರ ಮುಂದಕ್ಕೂ ನವೆಂಬರ್ ಮೊದಲ ಭಾನುವಾರ ಹಿಂದಕ್ಕೂ ತಿರುಗಿಸುತ್ತಾರೆ. ಬ್ರಿಟನ್ನಿನಲ್ಲಿ ಅದೇ ಕೆಲಸ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ನಡೆಯುತ್ತದೆ. ನಡುವಿನ ವಾರಗಳಲ್ಲಿ ಯಾರ ಬಾಯಿಲೆಕ್ಕವೂ ಸರಿಬರುವುದಿಲ್ಲ. ನಮ್ಮ ತಂಡದ ಒಬ್ಬ ಹಿರಿಯರು ನವೆಂಬರಿನ ಆ ಮೊದಲ ಭಾನುವಾರ ಸ್ನಾನ ಪೂಜೆ ಮುಗಿಸಿ, ಲೋಟದಲ್ಲಿ ಕಾಫಿ ಹಿಡಿದು, ವಾಡಿಕೆಯಂತೆ ಹನ್ನೊಂದಕ್ಕೆ ಸರಿಯಾಗಿ ಬಂದು ಕುಳಿತರು. ಅಷ್ಟರಲ್ಲಿ ಭಾರತದಲ್ಲಿ ಒಂಬತ್ತೂವರೆಯಾಗಿತ್ತು. ಎದುರು ತಂಡದವರು ಒಂದು ಗಂಟೆ ಕಾದು ಊಟಕ್ಕೆ ಎದ್ದಿದ್ದರು. ತಪ್ಪು ಯಾರದೂ ಅಲ್ಲ, ಆದರೆ ಆ ಪಂದ್ಯವನ್ನು ಬಿಟ್ಟುಕೊಡಬೇಕೋ ಮತ್ತೆ ಆಡಬೇಕೋ ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಮೂರು ದಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಾಯಿಗೆ ಬಾಯಿ ಬೆಳೆಯಿತು. ಆದ್ದರಿಂದ ಎಲ್ಲ ಪ್ರಕಟಣೆಗಳಲ್ಲಿಯೂ ಭಾರತದ ಸಮಯವೊಂದನ್ನೇ ಪ್ರಮಾಣವೆಂದು ಹಾಕಿ, ಹೊರದೇಶದವರು ತಮ್ಮ ಲೆಕ್ಕ ತಾವೇ ಮಾಡಿಕೊಳ್ಳಬೇಕೆಂದು ಮೊದಲೇ ತಿಳಿಸಿ. ಸಾಧ್ಯವಿದ್ದರೆ ಏಳು ವಾರಗಳನ್ನು ಮಾರ್ಚ್, ಅಕ್ಟೋಬರ್ ಮತ್ತು ನವೆಂಬರ್ ಬಿಟ್ಟು ಹೊಂದಿಸಿ.

ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ ನಡೆಯಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಒಂದೇ ಹೊತ್ತಿಗಾದರೆ ನಾಲ್ಕೂ ಪಂದ್ಯಗಳಿಗೆ ಅವೇ ಎಂಟು ಹಂಚಿಕೆ ಕೊಡಬಹುದು, ಆಮೇಲೆ ಎಂಟು ಮೇಜಿನ ಫಲಿತಾಂಶ ಹಿಡಿದು ಹರಟಬಹುದು. ನನ್ನ ಮಟ್ಟಿಗೆ ಪಂದ್ಯದ ಅರ್ಧ ಸುಖ ಆ ಹರಟೆಯಲ್ಲಿದೆ. ಆದರೆ ನಲವತ್ತು ಜನರಲ್ಲಿ ಮೂವತ್ತೆರಡು ಮಂದಿಯನ್ನು ಏಳು ವಾರ ಒಂದೇ ಗಂಟೆಗೆ ಕೂಡಿಸುವುದು ಸುಲಭವಲ್ಲ. ನಾವು ಎರಡನೇ ವರ್ಷದಿಂದ ದಿನವನ್ನು ನಾಯಕರಿಗೆ ಬಿಟ್ಟೆವು: ಸೋಮವಾರದಿಂದ ಭಾನುವಾರದೊಳಗೆ ಇಬ್ಬರು ನಾಯಕರು ಒಪ್ಪಿದ ಯಾವ ಹೊತ್ತಿಗಾದರೂ ಆಡಬಹುದು, ಬುಧವಾರ ರಾತ್ರಿಯೊಳಗೆ ಒಪ್ಪಂದವಾಗದಿದ್ದರೆ ಭಾನುವಾರ ಎಂಟೂವರೆಯೇ ಖಾಯಂ. ಹೀಗೆ ಬಿಡಿಬಿಡಿಯಾಗಿ ಆಡುವಾಗ ಪ್ರತಿ ಪಂದ್ಯಕ್ಕೂ ಬೇರೆ ಹಂಚಿಕೆ ಇರಲೇಬೇಕು, ಇಲ್ಲವಾದರೆ ಮಂಗಳವಾರ ಆಡಿದವರ ಬಾಯಿಂದ ಶುಕ್ರವಾರದವರ ಕಿವಿಗೆ ಸುದ್ದಿ ಮುಟ್ಟುತ್ತದೆ.

ಕರೆಂಟಿನ ಸಮಸ್ಯೆಗೆ ನಮ್ಮ ನಿಯಮ ಹೀಗಿದೆ. ಸಂಪರ್ಕ ತಪ್ಪಿದವರಿಗೆ ಐದು ನಿಮಿಷ ಕಾಯುವುದು. ಬಾರದಿದ್ದರೆ ಅದೇ ತಂಡದ ಮತ್ತೊಬ್ಬರು ಆ ಜಾಗಕ್ಕೆ ಬರುವುದು. ಅರ್ಧಕ್ಕೆ ನಿಂತ ಕೈಯನ್ನು ಹೊಸಬರು ಮುಂದುವರಿಸಲು ಒಪ್ಪದಿದ್ದರೆ ಆ ಒಂದು ಹಂಚಿಕೆಯನ್ನು ಎರಡೂ ಮೇಜಿನ ಲೆಕ್ಕದಿಂದ ತೆಗೆದುಹಾಕಿ ಉಳಿದ ಏಳರ ಮೇಲೆ ಫಲಿತಾಂಶ ಹೇಳುವುದು. ಇದಕ್ಕಾಗಿಯೇ ತಂಡಕ್ಕೆ ನಾಲ್ವರ ಬದಲು ಐವರನ್ನೋ ಆರು ಮಂದಿಯನ್ನೋ ಬರೆಸಿಕೊಳ್ಳಿ. ಅಧಿಕೃತ ಪಂದ್ಯಗಳಲ್ಲಿಯೂ ಆರು ಮಂದಿಯ ತಂಡ ಸಾಮಾನ್ಯ.


ಕುಂದಾಪುರದ ಗುಲಾಮ

ನಾನು ಬ್ರಿಡ್ಜ್ ಆಡುವವನಲ್ಲ. ಆದರೆ ಇದೇ ಪ್ರಶ್ನೆಯನ್ನು ‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟದ ನಮ್ಮ ಗುಂಪು ಎದುರಿಸಿದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಮದುವೆಯ ಹಿಂದಿನ ರಾತ್ರಿ ಚಪ್ಪರದಡಿ ಇಪ್ಪತ್ತೆಂಟು ಕೂರದಿದ್ದರೆ ಏನೋ ಕೊರತೆಯಾದಂತೆ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ನಾಲ್ಕು ಬಣ್ಣ ಸೇರಿ 28. ಹೆಸರಿಗೆ ಒಂದೇ ಆಟವಾದರೂ ಮನೆಗೊಂದು ಕಾನೂನು. ಕರೆಯುವುದು 14ರಿಂದಲೋ 16ರಿಂದಲೋ, ಮುಚ್ಚಿಟ್ಟ ತುರುಪನ್ನು ಯಾರು ಯಾವಾಗ ತೆರೆಸಬಹುದು, ತುರುಪಿನ ರಾಜ ರಾಣಿ ಜೋಡಿಗೆ ಎಷ್ಟು ರಿಯಾಯಿತಿ ಎಂಬುದನ್ನು ನಾವು ಬರೆದಿಟ್ಟುಕೊಳ್ಳದೆ ಹೊರಟೆವು. ಮೊದಲ ಸಂಜೆ ಬೈಂದೂರಿನವರಿಗೂ ಉಡುಪಿಯವರಿಗೂ ನಡೆದದ್ದು ಆಟವಲ್ಲ, ಶಾಸ್ತ್ರಚರ್ಚೆ.

ಡೈರೆಕ್ಟರ್ ಅವರು ಹೇಳಿದ ಎರಡು ಮೇಜಿನ ಕ್ರಮವನ್ನು ಇಪ್ಪತ್ತೆಂಟಕ್ಕೂ ತರಲು ನೋಡಿದೆವು. ಒಂದೇ ಹಂಚಿಕೆಯನ್ನು ಎರಡು ಮೇಜಿಗೆ ಕೊಡುವ ಅನುಕೂಲ ನಾವು ಬಳಸುತ್ತಿದ್ದ ಆ್ಯಪಿನಲ್ಲಿ ಇರಲಿಲ್ಲವಾದ್ದರಿಂದ, ಆಡದೆ ಉಳಿದ ಒಬ್ಬರು 32 ಎಲೆಗಳನ್ನು ಮನೆಯಲ್ಲಿ ಕಲಸಿ ಹಂಚಿ, ಎಂಟೆಂಟು ಎಲೆಯ ಪಟ್ಟಿಯನ್ನು ಪ್ರತಿಯೊಬ್ಬರ ಫೋನಿಗೆ ಕಳುಹಿಸಿದರು. ಆಟ ವಿಡಿಯೊ ಕರೆಯಲ್ಲಿ, ಎಲೆಯ ಹೆಸರು ಬಾಯಲ್ಲಿ ಹೇಳಿ ನಡೆಯಿತು. ಮೊದಲ ಕೈಯಲ್ಲಿಯೇ ಎಡವಿದೆವು. ಇಪ್ಪತ್ತೆಂಟರಲ್ಲಿ ಮೊದಲ ನಾಲ್ಕು ಎಲೆ ನೋಡಿ ಕರೆಯಬೇಕು, ಆಮೇಲೆ ಉಳಿದ ನಾಲ್ಕು ಬರುತ್ತವೆ. ಹಂಚಿದವರು ಎಂಟನ್ನೂ ಒಟ್ಟಿಗೆ ಕಳುಹಿಸಿಬಿಟ್ಟಿದ್ದರು! ಮುಂದಿನ ಸಲದಿಂದ ಯಾವ ನಾಲ್ಕು ಮೊದಲು ಬಂದವು ಎಂಬುದೂ ಎರಡು ಮೇಜಿಗೆ ಒಂದೇ ಇರುವಂತೆ ಪಟ್ಟಿಯನ್ನು ಎರಡು ಕಂತಿನಲ್ಲಿ ಕಳುಹಿಸಲಾಯಿತು. ನಿಧಾನವೆಂದರೆ ನಿಧಾನ, ಆದರೆ ಎಲೆ ಬರಲಿಲ್ಲವೆಂಬ ಮಾತು ಅಲ್ಲಿಗೆ ನಿಂತಿತು. ನಿಮಗೆ ಯಂತ್ರವೇ ಇದನ್ನೆಲ್ಲ ಮಾಡಿಕೊಡುವುದಾದರೆ ಬೇರೇನನ್ನೂ ಯೋಚಿಸಬೇಡಿ.


ಹಾಸ್ಟೆಲ್ ಮೇಜು

ಮೂವರಿಗೂ ಕೃತಜ್ಞತೆಗಳು. ಡೈರೆಕ್ಟರ್ ಸರ್, ಎರಡು ಮೇಜಿನ ಕ್ರಮವನ್ನು ಗುಂಪಿನಲ್ಲಿ ವಿವರಿಸಿದ ಕೂಡಲೇ ಮುನಿಸಿಕೊಂಡಿದ್ದ ಇಬ್ಬರು ಮರಳಿ ಬಂದರು. ಇನ್ನು ಉಳಿದಿರುವುದು ದಂಪತಿಗಳ ವಿಷಯ. ನಮ್ಮಲ್ಲಿ ಅಂಥ ಮೂರು ಜೋಡಿಗಳಿವೆ, ಮೂವರ ಮೇಲೂ ನನಗೆ ಪೂರ್ಣ ನಂಬಿಕೆಯಿದೆ, ಆದರೆ ನಿಯಮ ಮಾಡಿದರೆ ಅವರನ್ನೇ ಬೊಟ್ಟು ಮಾಡಿದಂತಾಗುತ್ತದೆ, ಮಾಡದಿದ್ದರೆ ಕಳೆದ ವರ್ಷದ ಮಾತು ಮತ್ತೆ ಬರುತ್ತದೆ. ಜೊತೆಗೆ ಒಬ್ಬರಿದ್ದಾರೆ, ಪ್ರತಿ ಎಲೆಗೂ ಪಂಚಾಂಗ ನೋಡುವವರು. ಅವರನ್ನು ಏನು ಮಾಡುವುದು?


ಹಳೆಯ ಡೈರೆಕ್ಟರ್

ಮೊದಲಿಗೆ ಒಂದು ಎಚ್ಚರಿಕೆ. ದಂಪತಿಗಳನ್ನು ಜೊತೆಗಾರರಾಗಿ ಕೂರಿಸದೆ ಒಂದೇ ತಂಡದ ಬೇರೆ ಬೇರೆ ಮೇಜಿನಲ್ಲಿ ಕೂರಿಸಿದರೆ ಸಮಸ್ಯೆ ತೀರಿತೆಂದು ಬಹಳ ಜನ ತಿಳಿಯುತ್ತಾರೆ. ಅದು ಇನ್ನೂ ಕೆಟ್ಟದ್ದು. ಎರಡು ಮೇಜಿನಲ್ಲಿಯೂ ಅದೇ ಹಂಚಿಕೆ ಬರುವುದರಿಂದ, ಒಳಗಿನ ಕೋಣೆಯಿಂದ ‘ಅಯ್ಯೋ, ಸ್ಲ್ಯಾಮ್ ಬಿಟ್ಟೆವಲ್ಲಾ’ ಎಂಬ ಒಂದು ಉದ್ಗಾರ ಹೊರಗಿನ ಕೋಣೆಯಲ್ಲಿ ಅದೇ ಕೈಯನ್ನು ಇನ್ನೂ ಆಡಬೇಕಾದವರಿಗೆ ಇಡೀ ಎಲೆ ತೋರಿಸಿದಂತೆ. ಹೇಳುವವರ ಮನಸ್ಸಿನಲ್ಲಿ ಕಪಟವಿರಬೇಕಾಗಿಲ್ಲ. ಗಂಡ ಹೆಂಡತಿಯನ್ನು ಎದುರು ತಂಡಗಳಲ್ಲಿ ಹಾಕುವುದು ಎಲ್ಲಕ್ಕಿಂತ ಭದ್ರ, ಏಕೆಂದರೆ ಆಗ ಒಬ್ಬರ ಎಲೆಯನ್ನು ಇನ್ನೊಬ್ಬರಿಂದ ಅವರಷ್ಟು ಜೋಪಾನವಾಗಿ ಬೇರಾರೂ ಕಾಯಲಾರರು. ಆದರೆ ಮೂವತ್ತು ವರ್ಷ ಜೊತೆಗೆ ಆಡಿದವರಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ನಾನು ಸೂಚಿಸುವುದು ಇಷ್ಟು. ನಿಯಮವನ್ನು ದಂಪತಿಗಳ ಹೆಸರಿನಲ್ಲಿ ಬರೆಯಬೇಡಿ. ‘ಒಂದೇ ಮನೆಯಿಂದ ಆಡುವ ಯಾರೇ ಆಗಲಿ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಪಂದ್ಯ ಮುಗಿಯುವವರೆಗೆ ಪರಸ್ಪರ ಮಾತಿಲ್ಲದೆ ಆಡತಕ್ಕದ್ದು’ ಎಂದು ಎಲ್ಲರಿಗೂ ಸೇರಿಸಿ ಬರೆಯಿರಿ. ಅಣ್ಣ ತಮ್ಮಂದಿರಿಗೂ, ಕಚೇರಿಯಿಂದ ಒಟ್ಟಿಗೆ ಆಡುವ ಗೆಳೆಯರಿಗೂ ಇದು ಅನ್ವಯಿಸುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡೂ ಮೇಜು ಮುಗಿಯುವವರೆಗೆ ಯಾವ ಕೈಯ ಮಾತೂ ಬರಬಾರದು, ಒಂದು ನಗುವ ಚಿಹ್ನೆಯೂ ಸೇರಿದಂತೆ.

ನೋಡುಗರನ್ನು ಮೇಜಿಗೆ ಬಿಡದಂತೆ ಪಂದ್ಯ ತೆರೆಯುವಾಗಲೇ ಆಯ್ಕೆ ಮಾಡಿ. ನೋಡುಗರಿಗೆ ನಾಲ್ಕೂ ಕೈ ಕಾಣುವುದರಿಂದ, ಎರಡನೇ ಖಾತೆಯಲ್ಲಿ ಬಂದು ತಾನು ಆಡುತ್ತಿರುವ ಮೇಜನ್ನೇ ಇಣುಕುವುದು ಆನ್‌ಲೈನ್ ಬ್ರಿಡ್ಜಿನ ದೊಡ್ಡ ಪಿಡುಗು. 2020ರಲ್ಲಿ ಪಂದ್ಯಗಳೆಲ್ಲ ಪರದೆಗೆ ಬಂದಾಗ ಹೆಸರಾಂತ ಆಟಗಾರರೂ ಇದರಲ್ಲಿ ಸಿಕ್ಕಿಬಿದ್ದು ಒಪ್ಪಿಕೊಂಡದ್ದುಂಟು. ತಮ್ಮ ಗುಂಪಿನಲ್ಲಿ ಅಂಥವರಿದ್ದಾರೆಂದು ನಾನು ಹೇಳುತ್ತಿಲ್ಲ; ಬಾಗಿಲು ಹಾಕಿದ್ದರೆ ಅನುಮಾನಕ್ಕೂ ಜಾಗವಿರುವುದಿಲ್ಲ. ಆಸಕ್ತರು ಪಂದ್ಯ ಮುಗಿದ ಮೇಲೆ ದಾಖಲೆಯನ್ನು ಎಲೆ ಎಲೆಯಾಗಿ ನೋಡಬಹುದು.

ವಿಶೇಷ ಅರ್ಥವಿರುವ ಕರೆಗಳ ವಿಷಯದಲ್ಲಿ ಆನ್‌ಲೈನ್ ಕ್ರಮವೇ ಮೇಲು. ಮೇಜಿನಲ್ಲಾದರೆ ಜೊತೆಗಾರನ ಕರೆಯನ್ನು ನಾವು ವಿವರಿಸುತ್ತೇವೆ, ಆ ವಿವರಣೆ ಜೊತೆಗಾರನ ಕಿವಿಗೂ ಬಿದ್ದು ಗೊಂದಲವಾಗುತ್ತದೆ. ಇಲ್ಲಿ ಕರೆದವರೇ ತಮ್ಮ ಕರೆಯ ಅರ್ಥವನ್ನು ಬರೆಯುತ್ತಾರೆ, ಅದು ಎದುರಾಳಿಗಳಿಗೆ ಮಾತ್ರ ಕಾಣುತ್ತದೆ. ಹಾಸ್ಟೆಲಿನ ಕಾಲದ ಒಳಒಪ್ಪಂದಗಳಿದ್ದರೆ ಅವನ್ನೂ ಹೀಗೆಯೇ ಬರೆಯಬೇಕೆಂದು ಕಟ್ಟುನಿಟ್ಟು ಮಾಡಿ.

ತಡವರಿಕೆಯ ಬಗ್ಗೆ ಮಾತ್ರ ಸಡಿಲವಾಗಿರಿ. ಜೊತೆಗಾರನ ದೀರ್ಘ ಯೋಚನೆಯಿಂದ ಸಿಕ್ಕ ಸುಳಿವನ್ನು ಬಳಸಬಾರದೆಂದು ಡೂಪ್ಲಿಕೇಟ್ ಬ್ರಿಡ್ಜ್ (ಒಂದೇ ಹಂಚಿಕೆಯನ್ನು ಹಲವು ಮೇಜಿನಲ್ಲಿ ಆಡುವ ಕ್ರಮ) ಕಾನೂನಿನ 16ನೇ ವಿಧಿ ಹೇಳುತ್ತದೆ, ನಿಜ. ಆದರೆ ಪರದೆಯ ಆಚೆ ಇರುವವರು ಯೋಚಿಸುತ್ತಿದ್ದಾರೋ, ಹಾಲು ಉಕ್ಕುವುದನ್ನು ನೋಡಲು ಎದ್ದಿದ್ದಾರೋ ಯಾರಿಗೆ ಗೊತ್ತು? ಅದರ ಮೇಲೆ ತೀರ್ಪು ಕೊಡಲು ಹೊರಟರೆ ನೀವು ಆಟ ಬಿಟ್ಟು ನ್ಯಾಯಾಲಯ ನಡೆಸಬೇಕಾಗುತ್ತದೆ.

ಪಂಚಾಂಗದವರಿಗೆ ಬೈಯುವ ಬದಲು ಗಡಿಯಾರ ತೋರಿಸಿ. ಪಂದ್ಯ ಆರಂಭವಾಗಿ 75 ನಿಮಿಷ ಕಳೆದ ಮೇಲೆ ಯಾವ ಮೇಜಿನಲ್ಲಿಯೂ ಹೊಸ ಹಂಚಿಕೆ ತೆರೆಯುವಂತಿಲ್ಲ. ಒಂದು ಕಡೆ ಆಡದೆ ಉಳಿದದ್ದು ಇನ್ನೊಂದು ಕಡೆಯೂ ಲೆಕ್ಕಕ್ಕಿಲ್ಲ. ತಮ್ಮ ಜೊತೆಯವರು ಬೇರೆ ಮೇಜಿನಲ್ಲಿ ಗಳಿಸಿದ ಹತ್ತು ಇಂಪ್ ತಮ್ಮ ನಿಧಾನದಿಂದ ಒಮ್ಮೆ ಕೊಚ್ಚಿಹೋದರೆ ಅವರೇ ಚುರುಕಾಗುತ್ತಾರೆ. ಫೋನಿನಲ್ಲಿ ಬೆರಳು ಜಾರಿ ತಪ್ಪು ಕರೆ ಬಿದ್ದರೆ ಜೊತೆಗಾರ ಕರೆಯುವ ಮೊದಲು ಹಿಂದಕ್ಕೆ ಪಡೆಯಲು ಬಿಡಿ. ಎಲೆ ಹಾಕಿದ ಮೇಲೆ ಮಾತ್ರ ಹಿಂದಕ್ಕಿಲ್ಲ.

ಕೊನೆಯದಾಗಿ, ತಾವು ಆಡುತ್ತೀರಾದರೆ ತೀರ್ಪು ಕೊಡಬೇಡಿ. ಯಾವ ತಂಡದಲ್ಲಿಯೂ ಇಲ್ಲದ ಒಬ್ಬರನ್ನು ಹುಡುಕಿ. ಒಪ್ಪುವುದಾದರೆ ನಾನೇ ಇದ್ದೇನೆ, ಭಾನುವಾರ ರಾತ್ರಿ ನನಗೆ ಬೇರೆ ಕೆಲಸವಿಲ್ಲ.


ಕಾನೂನು ಓದಿದವ

ಪ್ರವೇಶಧನದ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಯವಿಟ್ಟು ಬೇಡ. ಕೌಶಲದ ಆಟಕ್ಕೆ ಹಣ ಕಟ್ಟಿದರೆ ಜೂಜಲ್ಲ ಎಂಬ ತಿಳಿವಳಿಕೆ ನಮ್ಮಲ್ಲಿ ಹಳೆಯದು. ರಮ್ಮಿಯು ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1960ರ ದಶಕದಷ್ಟು ಹಿಂದೆಯೇ ಹೇಳಿತ್ತು, ಮತ್ತು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದೂ ಆ ನೆಲೆಯಲ್ಲಿಯೇ. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ಗೆರೆಯನ್ನೇ ಅಳಿಸಿದೆ. ಕೌಶಲವೋ ಅದೃಷ್ಟವೋ ಎಂದು ಅದು ನೋಡುವುದಿಲ್ಲ. ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ಅದರ ನಿಷೇಧದೊಳಗೆ ಬರುತ್ತದೆ. ನಲವತ್ತು ಗೆಳೆಯರ ಐನೂರು ರೂಪಾಯಿಯನ್ನು ಹುಡುಕಿಕೊಂಡು ಯಾರೂ ಬರಲಿಕ್ಕಿಲ್ಲ, ಆದರೂ ಸಂಗ್ರಹಿಸಿದವರ ಹೆಸರಿನಲ್ಲಿ ಲೆಕ್ಕವಿರುತ್ತದೆ ಎಂಬುದನ್ನು ಮರೆಯಬೇಡಿ. ಇನ್ನೊಂದು ಮಾತು: ಹಣ ಬಂದ ದಿನವೇ ‘ಸ್ನೇಹದ ಆಟ’ ಎಂಬ ಸಬೂಬು ಹೋಗುತ್ತದೆ.


ಹಾಸ್ಟೆಲ್ ಮೇಜು

ನಿನ್ನೆ ರಾತ್ರಿ ಎಂಟು ನಾಯಕರು ಸೇರಿ ತೀರ್ಮಾನಿಸಿದೆವು. ತಂಡಕ್ಕೆ ಐವರು, ಏಳು ಸುತ್ತು, ಸುತ್ತಿಗೆ ಎಂಟು ಹಂಚಿಕೆ, 20 ವಿಜಯಾಂಕದ ಅಳತೆ. ಭಾನುವಾರ ಭಾರತದ ಸಮಯ ರಾತ್ರಿ ಎಂಟೂವರೆಗೆ ಎಲ್ಲ ಪಂದ್ಯಗಳೂ ಒಟ್ಟಿಗೆ. ಎಡಿಸನ್ ಅವರೇ, ತಾವು ಹೇಳಿದ ಹರಟೆಯ ಆಸೆಗೆ ಬಿದ್ದೆವು. ಪ್ರವೇಶಧನವಿಲ್ಲ, ಗೆದ್ದವರಿಗೆ ಸೋತವರು ಮುಂದಿನ ಭೇಟಿಯಲ್ಲಿ ಮಸಾಲೆ ದೋಸೆ ಕೊಡಿಸಬೇಕೆಂಬ ಸೂಚನೆಯನ್ನು ಮೈಸೂರಿನವರು ಮಂಡಿಸಿದರು, ಕಾನೂನು ಓದಿದವರು ಅದನ್ನು ಮನ್ನಿಸಬೇಕಾಗಿ ಕೋರಿಕೆ. ಒಂದೇ ಮನೆಯ ನಿಯಮವನ್ನು ಓದಿದಾಗ ಮೂರೂ ದಂಪತಿಗಳು ಎಲ್ಲರಿಗಿಂತ ಮೊದಲು ಒಪ್ಪಿದರು. ಅವರಲ್ಲಿ ಒಬ್ಬರು, ಬೇರೆ ಕೋಣೆಯಾದರೆ ಆಟ ಮುಗಿಯುವವರೆಗೆ ತಮ್ಮ ಬಿಡ್ಡಿಂಗ್ ಬಗ್ಗೆ ಉಪದೇಶ ಕೇಳಬೇಕಾಗಿಲ್ಲವೆಂದು ಸಂತೋಷಪಟ್ಟರು.

ಡೈರೆಕ್ಟರ್ ಸರ್, ತಾವು ಬರುತ್ತೇನೆಂದದ್ದನ್ನು ನಾವು ಹಿಡಿದುಕೊಂಡಿದ್ದೇವೆ. ಪಂಚಾಂಗದವರು ಹುಬ್ಬಳ್ಳಿ ತಂಡದಲ್ಲಿದ್ದಾರೆ, ಮೊದಲ ಸುತ್ತಿನಲ್ಲಿ ಅವರ ಎದುರಾಳಿ ನನ್ನ ತಂಡ. 75 ನಿಮಿಷದ ಗಡಿಯಾರವನ್ನು ತಾವೇ ಹಿಡಿಯಬೇಕು.